ಬೆಕ್ಕಿನ ಮೀಸೆಯ ಕಷಾಯ

ಚಿಯಾಯಿ ಊರಿನ ಬಸ್ ಡಿಪೋದಲ್ಲಿ ಹೊಟ್ಟೆ ತುಂಬ ನೀರು ಕುಡಿಯುವ ಡ್ರೈವರೇ ಇರಲಿಲ್ಲ. ಕುಡಿದರೆ ಹೋಗಬೇಕಲ್ಲ! ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಉಸಿರು ಬಿಡಲೂ ಪುರುಸೊತ್ತಿಲ್ಲದ ಹಾಗೆ ವೇಳಾಪಟ್ಟಿ ಹೆಣೆದಿದ್ದ, ಮ್ಯಾನೇಜರ್ ಚಿಯೆನ್ ಎಂಬ ಪುಣ್ಯಾತ್ಮ. ಗಂಡಸರು ಸೀಟಿನ ಕೆಳಗೆ ಖಾಲಿ ಬಾಟಲಿ ಇಟ್ಟುಕೊಂಡು ಹೇಗೋ ಸುಧಾರಿಸುತ್ತಿದ್ದರು. ಪಿ-ಯುನ್ ಹೆಂಗಸು, ಬೆಟ್ಟದ ದಾರಿಯ ಡ್ರೈವರು. ಗಂಟಲು ಒಣಗಿಸಿಕೊಂಡು, ತೊಡೆ ಬಿಗಿಹಿಡಿದು ವರ್ಷಗಟ್ಟಲೆ ಬಸ್ಸು ಓಡಿಸಿದಳು. ಅದಕ್ಕೆ ಸಿಕ್ಕ ಬಹುಮಾನ ಮೂತ್ರಪಿಂಡದಲ್ಲೊಂದು ಕಲ್ಲು.

ನೋವು ಬಂದ ದಿನ ಅಡುಗೆಮನೆಯ ನೆಲದ ಮೇಲೆ ಬಿದ್ದು ಹೊರಳಾಡಿದಳು. ಕಲ್ಲು ಚಿಕ್ಕದು, ಚೆನ್ನಾಗಿ ನೀರು ಕುಡಿದರೆ ತಾನಾಗಿ ಬಿದ್ದುಹೋಗಬಹುದು, ಜ್ವರ ಬಂದರೆ ಮಾತ್ರ ತಡಮಾಡದೆ ಓಡಿ ಬನ್ನಿ ಎಂದರು ಡಾಕ್ಟರು. ಅತ್ತೆ ಆ-ಮುಯಿ ಅಷ್ಟಕ್ಕೇ ಬಿಡುವ ಪೈಕಿಯಲ್ಲ. ತಾರಸಿಯ ಮೇಲೆ ಹಳೆಯ ಮೀನಿನ ಡಬ್ಬಿಗಳಲ್ಲಿ ಬೆಕ್ಕಿನ ಮೀಸೆ ಗಿಡ ಬೆಳೆಸಿದ್ದಳು. ಹೂವಿನಿಂದ ಉದ್ದುದ್ದ ಬಿಳಿ ಎಳೆ ಚಾಚಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಬೀದಿಯಲ್ಲಿ ಯಾರಿಗೆ ಕಲ್ಲಾದರೂ ಈ ಸೊಪ್ಪು ಕೇಳಿಕೊಂಡು ಇವಳ ಬಾಗಿಲಿಗೇ ಬರುತ್ತಿದ್ದರು. ಅತ್ತೆ ಅದನ್ನು ಕುದಿಸಿ, ಸೋಸಿ, ದೊಡ್ಡ ಫ್ಲಾಸ್ಕಿಗೆ ತುಂಬಿ ಸೊಸೆಯ ಕೈಗಿತ್ತಳು.

ಸಂಜೆ ಫ್ಲಾಸ್ಕು ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಮರುದಿನವೂ ಅದೇ ಕತೆ.

"ಏನೇ, ನನ್ ಕಷಾಯ ಮಹಾರಾಣಿ ಬಾಯಿಗೆ ಹಿಡಿಸ್ಲಿಲ್ವಾ?"

"ಕುಡಿದ್ರೆ ಹೋಗೋದೆಲ್ಲಿ ಅತ್ತೆ? ದಾರೀಲಿ ಬಸ್ ನಿಲ್ಸಿದ್ರೆ ಚಿಯೆನ್ ಮೆಮೊ ಕೊಡ್ತಾನೆ. ಈಗಾಗ್ಲೇ ಒಂದಿದೆ. ಇನ್ನೊಂದ್ ಬಂದ್ರೆ ಕೆಲಸ ಹೋಯ್ತು ಅಂತ್ಲೇ ಲೆಕ್ಕ."

"ನೀನು ಉಚ್ಚೆ ಹೊಯ್ಯೋಕೂ ಅವನ ಅಪ್ಪಣೆ ಬೇಕಾ? ಥೂ!"

ಮರುದಿನ ಬೆಳಗಿನ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿದವಳು ಅತ್ತೆ. ಡ್ರೈವರ್ ಹಿಂದಿನ ಸೀಟಿನಲ್ಲೇ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಂಪು ಸಿಗ್ನಲ್ ಬಿದ್ದಾಗಲೆಲ್ಲ ಹಿಂದಿನಿಂದ ಲೋಟ ಮುಂದೆ ಬರುತ್ತಿತ್ತು.

"ಕುಡಿ."

"ಜನ ನೋಡ್ತಿದಾರೆ ಅತ್ತೆ."

"ನೋಡ್ಲಿ. ನೆಲದ ಮೇಲೆ ಬಿದ್ದು ಒದ್ದಾಡಿದಾಗ ಯಾವನು ನೋಡೋಕ್ ಬಂದಿದ್ದ? ಕುಡಿ."

ಕುಡಿದಳು. ಬೆಟ್ಟದ ತಿರುವು ಶುರುವಾಗುವಷ್ಟರಲ್ಲಿ ಕಿಬ್ಬೊಟ್ಟೆ ಬಿಗಿಯಿತು. ರೂಢಿಯಂತೆ ತೊಡೆ ಬಿಗಿಹಿಡಿದಳು. ಪಕ್ಕೆಯಲ್ಲಿ ಸಣ್ಣಗೆ ಚುಳುಕ್ ಎಂದಿತು. ಮೊದಲು ಭಯವಾಯಿತು. ಆಮೇಲೆ ಸಿಟ್ಟು ಬಂತು, ನೆತ್ತಿಗೇರುವಂಥ ಸಿಟ್ಟು. ಕಲ್ಲನ್ನು ಕರಗಿಸುವುದು ಸೊಪ್ಪೋ ನೀರೋ, ಅದನ್ನು ಡಾಕ್ಟರೂ ಅತ್ತೆಯೂ ಕೂತು ಬಗೆಹರಿಸಿಕೊಳ್ಳಲಿ. ಹೊರಗೆ ಹೋಗಬೇಕಾದ್ದನ್ನು ಒಳಗೇ ಹಿಡಿದಿಟ್ಟುಕೊಂಡರೆ ಯಾವ ಮದ್ದು ತಾನೇ ಏನು ಮಾಡೀತು? ಮಾಜು ದೇವಿಯ ಗುಡಿಯೆದುರು ಬಸ್ಸು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು.

"ನಾನು ಉಚ್ಚೆಗೆ ಹೋಗ್ತಿದೀನಿ," ಎಂದು ಮೈಕಿನಲ್ಲೇ ಹೇಳಿದಳು. "ಅವಸರ ಇರೋರು ಇಳೀರಿ, ಇಲ್ದೋರು ಕಾಯ್ರಿ."

"ನಂಗೆ ಆಫೀಸಿಗೆ ಲೇಟಾಗತ್ತೆ!" ಎಂದ ಟೈ ಕಟ್ಟಿದವನೊಬ್ಬ.

"ಹಾಗಾದ್ರೆ ನೀನೇ ಓಡ್ಸು ರಾಜಾ, ಸೀಟು ಖಾಲಿ ಇದೆ," ಎಂದಳು ಅತ್ತೆ.

ಪಿ-ಯುನ್ ಹಿಂದೆಯೇ ಮುದುಕಿಯರೆಲ್ಲ ದಡಬಡ ಇಳಿದು ಗುಡಿಯ ಪಾಯಿಖಾನೆಗೆ ಸಾಲು ಹಚ್ಚಿದರು. ಅವರಿಗೂ ಇಷ್ಟು ದಿನ ಕೇಳಲು ನಾಚಿಕೆಯಾಗಿತ್ತಂತೆ.

ಡಿಪೋಗೆ ಮರಳಿದಾಗ ಚಿಯೆನ್ ತನ್ನ ಕೋಣೆಯಲ್ಲಿ ಕಾಯುತ್ತಿದ್ದ. ಬಾಗಿಲಲ್ಲಿ ಉಳಿದ ಡ್ರೈವರುಗಳು ಗುಂಪುಗೂಡಿದರು.

"ಇಷ್ಟೊಂದು ತಡ! ಮೆಮೊದಲ್ಲಿ ಏನಂತ ಬರೀಲಮ್ಮ?"

"ಉಚ್ಚೆ ಅಂತ ಬರೀರಿ ಸರ್."

"ನಾಚ್ಕೆ ಆಗಲ್ವಾ?"

"ಇಷ್ಟು ವರ್ಷ ನಾಚ್ಕೊಂಡೆ. ಕಲ್ಲಾಯ್ತು."

"ಇನ್ನೊಂದ್ಸಲ ಹೀಗ್ಮಾಡಿದ್ರೆ..."

"ಮುಂದಿನ ಟ್ರಿಪ್ಪಲ್ಲೇ ಮಾಡ್ತೀನಿ." ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟಳು. ಈ ಕೆಲಸ ಹೋದರೆ ನಿಜಕ್ಕೂ ಹೋಯಿತು, ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ. "ಬೇಡ ಅಂದ್ರೆ ತಗೊಳ್ಳಿ. ಹೊರಗೆ ಜನ ಕಾಯ್ತಿದಾರೆ, ನೀವೇ ಓಡ್ಸಿ."

ಚಿಯೆನ್ ಕಿಟಕಿಯಾಚೆಯ ಸಾಲು ನೋಡಿದ, ಬಾಗಿಲಲ್ಲಿ ನಿಂತವರನ್ನು ನೋಡಿದ. ಒಬ್ಬನೂ ಆ ಬಸ್ಸು ಓಡಿಸಲು ಮುಂದೆ ಬರಲಿಲ್ಲ. ಚಿಯೆನ್ ಕೂಡ ಕೀಲಿಯತ್ತ ಕೈ ಚಾಚಲಿಲ್ಲ.

ಅವನ ಕುರ್ಚಿಯ ಹಿಂದೊಂದು ಬಾಗಿಲಿತ್ತು. ಅವನೊಬ್ಬನದೇ ಪಾಯಿಖಾನೆ. ಪಿ-ಯುನ್ ಕೀಲಿ ಎತ್ತಿಕೊಂಡು, ಕುರ್ಚಿಯ ಪಕ್ಕದಿಂದ ಹಾದು ಒಳಗೆ ಹೋಗಿ, ಚಿಲಕ ಹಾಕಿಕೊಂಡಳು.