ಆಂಬುಲೆನ್ಸ್ ನಿಲ್ಲಬೇಕಾದ ಜಾಗ

ಬೆಳ್ತಂಗಡಿಯ ಒಂದು ಟ್ರಸ್ಟಿಗೆ ಎರಡು ಆಂಬುಲೆನ್ಸುಗಳಿದ್ದವು. ಎರಡೂ ಪೇಟೆಯ ಆಸ್ಪತ್ರೆಯೆದುರೇ ನಿಲ್ಲುತ್ತಿದ್ದವು. ತಾಲೂಕಿಗೆಲ್ಲ ಅನುಕೂಲವಾಗುವ ಹಾಗೆ ಎಲ್ಲಿ ನಿಲ್ಲಿಸಬಹುದು ಎಂದು ಟ್ರಸ್ಟಿನ ಸುಧಾಕರ ಶೆಟ್ಟರು ಕೇಳಿದಾಗ, ಮೂಡುಬಿದಿರೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪಾಠ ಮಾಡುವ ಸಾಧನಾಳಿಗೆ ಮೊದಲು ನೆನಪಾದದ್ದು ಜಸೀಲಾ.

ಇಬ್ಬರೂ ಅದೇ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಿ.ಸಿ.ರೋಡಿನ ಜಂಕ್ಷನ್ನನ್ನು ಕಂಪ್ಯೂಟರಿನೊಳಗೆ ಕಟ್ಟಿದ್ದರು. ಬೆಳಗ್ಗೆ ಒಂದೇ ಕೊಡೆಯಡಿ ನಿಂತು ಬಸ್ಸು, ಲಾರಿ, ರಿಕ್ಷಾಗಳನ್ನು ಎಣಿಸುವುದು, ಹೋಟೆಲಿನಲ್ಲಿ ಬನ್ಸು ತಿಂದು ಚಾ ಕುಡಿಯುವುದು, ಸಂಜೆ ಲ್ಯಾಬಿನಲ್ಲಿ ಅದೇ ಬಸ್ಸುಗಳು ಪರದೆಯ ಮೇಲೆ ಚುಕ್ಕೆಗಳಾಗಿ ಓಡುವುದನ್ನು ನೋಡುವುದು. ಒಮ್ಮೆ ಏನೋ ತಪ್ಪಾಗಿ ಬಸ್ಸುಗಳೆಲ್ಲ ಒಂದರ ಮೇಲೊಂದು ಏರಿ ನಿಂತಾಗ ಜಸೀಲಾ ಎಷ್ಟು ನಕ್ಕಿದ್ದಳೆಂದರೆ, ಮೇಷ್ಟ್ರು ಇಬ್ಬರನ್ನೂ ಹೊರಗೆ ಕಳಿಸಿದ್ದರು. ಓದು ಮುಗಿದದ್ದೇ ಅವಳಿಗೆ ವಿಟ್ಲದ ಹತ್ತಿರದ ಕನ್ಯಾನಕ್ಕೆ ಮದುವೆಯಾಯಿತು. ಆಮೇಲೆ ಮಾತೆಲ್ಲ ಹಬ್ಬದ ಶುಭಾಶಯಕ್ಕೆ ಇಳಿದಿತ್ತು.

ಫೋನು ಮಾಡಿದಾಗ ಜಸೀಲಾ ತನಗೆ ಎಲ್ಲ ಮರೆತುಹೋಗಿದೆ ಎಂದಳು. ಆದರೂ ಶನಿವಾರ ಕಾಲೇಜಿಗೆ ಬಂದಳು. ಮರೆತದ್ದು ಅರ್ಧ ದಿನದಲ್ಲಿ ಬೆರಳಿಗೆ ವಾಪಸು ಬಂತು. ಆಮೇಲಿನ ಶನಿವಾರಗಳೂ ಹಾಗೆಯೇ ಹೋದವು. ಕೆಲಸಕ್ಕಿಂತ ಹಳೆಯ ಮಾತೇ ಹೆಚ್ಚಾಗಿ, ಮತ್ತೆ ಕೆಲಸಕ್ಕೆ ಮರಳುವುದು.

ತಾಲೂಕಿನ ರಸ್ತೆಗಳನ್ನು ಪರದೆಯ ಮೇಲೆ ಕಟ್ಟಿದರು. ಹಿಂದೆ ಬಂದ ಕರೆಗಳನ್ನು ನೋಡಿ, ಅಂಥದ್ದೇ ಕರೆಗಳು ಬರುವಂತೆ ಮಳೆಗಾಲ, ಬೇಸಿಗೆಯ ಸಾವಿರಾರು ದಿನಗಳನ್ನು ಕಂಪ್ಯೂಟರಿನಲ್ಲಿ ಓಡಿಸಿದರು. ಆಂಬುಲೆನ್ಸುಗಳನ್ನು ಜಾಗದಿಂದ ಜಾಗಕ್ಕೆ ಸರಿಸಿ, ಒಳ್ಳೆಯದನ್ನು ಆರಿಸುವುದು ಇನ್ನೊಂದು ಪ್ರೋಗ್ರಾಮಿನ ಕೆಲಸ. ಕೊನೆಗೆ ಅದು ಕೊಟ್ಟ ಉತ್ತರ ಎರಡೂ ಪೇಟೆಯಲ್ಲೇ ಇರಲಿ ಎಂದು. ಜನ ಸರಾಸರಿ ಕಾಯುವ ಹೊತ್ತು ಅಲ್ಲೇ ಅತಿ ಕಡಿಮೆ.

ಸಾಧನಾ ಅದನ್ನೇ ಶೆಟ್ಟರಿಗೆ ಕೊಡಲು ಹೊರಟಳು. ಜಸೀಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅತ್ತೆ ಅವ್ವಮ್ಮನಿಗೆ ಪಾರ್ಶ್ವವಾಯು ಆದ ದಿನ ಜಗಲಿಯಲ್ಲಿ ಬಹಳ ಹೊತ್ತು ಆಂಬುಲೆನ್ಸಿಗೆ ಕಾದದ್ದನ್ನು ಮೆಲ್ಲಗೆ ಹೇಳಿದಳು. ಅತ್ತೆ ಉಳಿದರು, ಮಾತು ಮಾತ್ರ ಮರಳಲಿಲ್ಲ.

“ನಾವು ಕೇಳಿದ್ದೇ ಸರಾಸರಿಯನ್ನು ಮಾರಾಯ್ತಿ. ಅದರಲ್ಲಿ ಅತ್ತೆಯಂಥವರು ಕಾಣುವುದಿಲ್ಲ,” ಎಂದಳು. “ಎಲ್ಲರಿಗಿಂತ ಹೆಚ್ಚು ಕಾಯುವವರ ಹೊತ್ತು ಕಡಿಮೆ ಮಾಡು ಅಂತ ಕೇಳುವ.”

ಹಾಗೆ ಕೇಳಿದಾಗ ಒಂದು ವಾಹನ ಪೇಟೆಯಿಂದ ದೂರದ ಅಳದಂಗಡಿಗೆ ಸರಿಯಿತು. ಪೇಟೆಯವರು ಸ್ವಲ್ಪ ಹೆಚ್ಚು ಕಾಯಬೇಕಾಗುತ್ತಿತ್ತು. ಅವರಿಗೆ ತಾನು ಏನು ಹೇಳಲಿ ಎಂದು ಶೆಟ್ಟರು ಹಿಂದೆಮುಂದೆ ನೋಡಿದರು. ಜಸೀಲಾ ಎರಡೂ ಲೆಕ್ಕಗಳನ್ನು ಓಡಿಸಿ ತೋರಿಸಿದ ಮೇಲೆ, ಈ ಮಳೆಗಾಲಕ್ಕೆ ಮಾಡಿ ನೋಡುವ ಎಂದು ಒಪ್ಪಿದರು.

ಮಳೆ ಜೋರಾಗಿದ್ದ ಆಟಿ ತಿಂಗಳಲ್ಲಿ ಶೆಟ್ಟರೇ ಫೋನು ಮಾಡಿದರು. ಅಳದಂಗಡಿಯಾಚೆ ನಾರಾವಿ ಕಡೆಯ ಗುಡ್ಡದ ಮೇಲಿನ ಮನೆಯೊಂದರಿಂದ ಹೆರಿಗೆ ನೋವು ಬಂದ ಹೆಂಗಸೊಬ್ಬಳನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದ್ದರಂತೆ. ಪೇಟೆಯಲ್ಲಿ ಗೊಣಗಾಟವೂ ಉಂಟು, ಆದರೆ ವಾಹನ ಅಲ್ಲೇ ಇರಲಿ ಎಂದರು.

ಸಾಧನಾ ತಕ್ಷಣ ಜಸೀಲಾಳಿಗೆ ತಿಳಿಸಿದಳು. ಜಸೀಲಾ ಕೇಳಿದ್ದು ಒಂದೇ.

“ಈ ಶನಿವಾರ ನಿನಗೆ ಕ್ಲಾಸ್ ಉಂಟಾ?”

“ಇಲ್ಲ.”

“ಹಾಗಾದರೆ ಬರ್ತೇನೆ. ನಮ್ಮ ವಿಟ್ಲದ ಕಡೆಗೂ ಇಂಥದ್ದೇ ಒಂದು ಲೆಕ್ಕ ಮಾಡುವ.”