ಕಾಯಿಲೆಯ ಗಂಟೆ

ಎರಡನೆಯ ಕುರ್ಚಿಯನ್ನೂ ಎತ್ತಿಕೊಂಡು ಬಂದಿದ್ದೇನೆಂದು ಗೊತ್ತಾದದ್ದು ಗಾಲಿಮನೆಯ ಮೆಟ್ಟಿಲು ಇಳಿದ ಮೇಲೆ. ಒಳಗಿಟ್ಟು ಬರೋಣವೆಂದು ರೂಲಾಫ್ ತಿರುಗಿದ. ಅಷ್ಟರಲ್ಲಿ ಎದುರಿನ ಕ್ಯಾರವಾನಿನ ಕಿಟಕಿಯಿಂದ ಟೀನೆಕೆ ಕೈಬೀಸಿದಳು. ನೋಡಿಬಿಟ್ಟಿದ್ದಳು. ಈಗ ಒಳಗಿಟ್ಟರೆ ಅದಕ್ಕೊಂದು ಕಾರಣ ಹೇಳಬೇಕು.

"ಅಲೀದಾ ಬಂದ್ಲಾ?" ಅವಳ ದನಿ ಇಡೀ ಸಾಲಿಗೆ ಕೇಳಿಸಿತು.

"ಇಲ್ಲ. ಹೊಸ ವರ್ಷ ಆದ್ಮೇಲೆ."

"ಅದೇನು ಅಕ್ಕನ ಮನೇಲಿ ಬೇರು ಬಿಟ್ಕೊಂಡು ಕೂತ್ಬಿಟ್ಲು! ನಿನ್ನನ್ನ ಒಬ್ನೇ ಬಿಟ್ಟು."

"ಅಕ್ಕನಿಗೂ ವಯಸ್ಸಾಯ್ತಲ್ಲ."

"ಯಾರಿಗಾಗಿಲ್ಲ ಬಿಡು," ಎಂದು ಟೀನೆಕೆ ಕಿಟಕಿ ಮುಚ್ಚಿದಳು.

ಹೆಂಡತಿ ಅಲೀದಾ ತನ್ನ ಅಕ್ಕನ ಮನೆಯಲ್ಲಿರಲಿಲ್ಲ. ತಮ್ಮೂರು ಡೆವೆಂಟರಿನ ಆರೈಕೆ ಮನೆಯೊಂದರಲ್ಲಿ, ಒಳಗಿದ್ದವರಿಗೆ ತೆರೆಯಲು ಬಾರದ ಬಾಗಿಲಿನ ಹಿಂದೆ ಇದ್ದಳು. ಅಕ್ಟೋಬರಿನಲ್ಲಿ ಅವನೇ ಸೇರಿಸಿ ಬಂದಿದ್ದ. ಹೊರಡುವಾಗ ಅವಳು ಅವನ ಕೋಟನ್ನು ಕೈಗಿತ್ತು, "ನಿಮ್ಮ ರೈಲು ಎಷ್ಟು ಹೊತ್ತಿಗೆ?" ಎಂದು ಕೇಳಿದ್ದಳು. "ಹೋಗಿ ಬಾ ಅಪ್ಪ, ಅವಳಿಗೇನೂ ಗೊತ್ತಾಗಲ್ಲ," ಎಂದು ಮಗಳು ಹೇಳಿದಾಗ, ಎಂದಿನಂತೆ ಚಳಿಗಾಲ ಕಳೆಯಲು ಕ್ಯಾರವಾನನ್ನು ಕಾರಿಗೆ ಸಿಕ್ಕಿಸಿ ಸ್ಪೇನಿನ ಈ ಬಿಡಾರಕ್ಕೆ ಬಂದುಬಿಟ್ಟ. ಎಷ್ಟು ಸುಲಭವಾಗಿ ಒಪ್ಪಿದೆನಲ್ಲ ಎಂಬುದೇ ಅವನನ್ನು ಈಗಲೂ ಕೊರೆಯುತ್ತಿತ್ತು.

ಇವತ್ತು ಹೇಳಿಬಿಡಬೇಕು. ವರ್ಷದ ಕೊನೆಯ ದಿನ. ಮಧ್ಯಾಹ್ನ ಎಲ್ಲರೂ ಸೇರುತ್ತಾರೆ. ಯುದ್ಧಗಳನ್ನೂ ಒಪ್ಪಂದಗಳನ್ನೂ ತರಗತಿಯಲ್ಲಿ ನೀರು ಕುಡಿದಂತೆ ಪಾಠ ಮಾಡಿದ್ದ ಇತಿಹಾಸದ ಮೇಷ್ಟ್ರು, ಒಂದೇ ಒಂದು ವಾಕ್ಯವನ್ನು ಗಡ್ಡ ಹೆರೆಯುವ ಕನ್ನಡಿಯ ಮುಂದೆ ಒಂದು ವಾರದಿಂದ ಅಭ್ಯಾಸ ಮಾಡುತ್ತಿದ್ದ: ಅಲೀದಾಗೆ ಈಗ ನಾನು ಯಾರೆಂದು ಗೊತ್ತಿಲ್ಲ. ಅಷ್ಟೇ. ಒಬ್ಬರಾದರೂ ಕೇಳಿಸಿಕೊಂಡರೆ ಸಾಕಿತ್ತು.

ಬೆಳಿಗ್ಗೆ ಫೋನು ಮಾಡಿದ್ದ. ನರ್ಸು ಅದನ್ನು ಅಲೀದಾಳ ಕಿವಿಗೆ ಹಿಡಿದಿದ್ದಳು.

"ನಮಸ್ಕಾರ. ನಿಮಗೆ ಅಲ್ಲಿ ಬಿಸಿಲಿದೆಯಾ?"

"ಇದೆ, ಅಲೀದಾ."

"ಒಳ್ಳೇದಾಯ್ತು. ಬಿಸಿಲಿರೋ ಕಡೆ ಇರಬೇಕು ನೋಡಿ."

"ಹೌದು. ನೀವೂ ಆರೋಗ್ಯ ನೋಡ್ಕೊಳ್ಳಿ," ಎಂದುಬಿಟ್ಟ. ಫೋನಿಟ್ಟ ಮೇಲೆ ನಾಚಿಕೆಯಾಯಿತು. ಹೆಂಡತಿಯ ಜೊತೆ ಅಂಚೆ ಕಚೇರಿಯ ಕಿಟಕಿಯಲ್ಲಿ ಮಾತಾಡಿದ ಹಾಗೆ ಮಾತಾಡಿದ್ದ.

ಬಿಡಾರದವರೆಲ್ಲ ಪಾತ್ರೆ ತೊಳೆಯುವ ಕಟ್ಟೆಯ ಬಳಿ ಹಾರ್ಮ್ ಆಗಲೇ ತೋಳು ಮಡಿಸಿ ನಿಂತಿದ್ದ. ಟೀನೆಕೆಯ ಗಂಡ, ಫ್ರೀಸ್‌ಲ್ಯಾಂಡಿನಲ್ಲಿ ಹಸು ಸಾಕಿಕೊಂಡಿದ್ದವನು. ಇಲ್ಲಿ ತಟ್ಟೆ ತೊಳೆಯುವುದು ಗಂಡಸರ ಕೆಲಸ. ಊರಿನಲ್ಲಿ ಒಂದು ಚಮಚ ಎತ್ತಿಡದವರೂ ಇಲ್ಲಿ ಪ್ಲಾಸ್ಟಿಕ್ ಟಬ್ಬು ಸೊಂಟಕ್ಕೆ ಒತ್ತಿಕೊಂಡು ಬರುತ್ತಿದ್ದರು. ಬೆನ್ನು ಬೆನ್ನಿಗಲ್ಲ, ಮುಖ ಮುಖಕ್ಕೂ ಅಲ್ಲ, ಪಕ್ಕಪಕ್ಕದಲ್ಲಿ ನಿಂತು ನೊರೆ ನೋಡುತ್ತ ಮಾತಾಡುವುದು ಅವರಿಗೆ ಹಿತವಾಗಿತ್ತು.

"ಏನು ಮೇಷ್ಟ್ರೇ, ಒಂದು ತಟ್ಟೆ ತೊಳೆಯೋಕೆ ಇಷ್ಟು ದೊಡ್ಡ ಟಬ್ಬಾ?"

"ಎರಡು ತಟ್ಟೆ. ನಿನ್ನೆಯದೂ ಇದೆ."

ಹಾರ್ಮ್ ನಕ್ಕ. ಆಮೇಲೆ ಬಹಳ ಹೊತ್ತು ಒಂದೇ ಬಾಣಲೆಯನ್ನು ತಿಕ್ಕಿದ. "ನಿನ್ನೆ ಬೆಳಿಗ್ಗೆ ಪಾಯಿಖಾನೇಲಿ ರಕ್ತ ಹೋಯ್ತು ಕಣಯ್ಯಾ," ಎಂದ, ನೊರೆಗೆ ಹೇಳುವಂತೆ. "ಟೀನೆಕೆಗೆ ಹೇಳಿಲ್ಲ."

ಡಾಕ್ಟರಿಗೆ ತೋರಿಸು ಎನ್ನಬೇಕೆಂದು ರೂಲಾಫ್ ತಿರುಗಿದ. ಆದರೆ ಬಾಯಿಗೆ ಬಂದದ್ದು ಬೇರೆ.

"ಗಂಟೆ ತರ್ಲಾ?"

ಹಾರ್ಮ್ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕ. "ಸಿಕ್ಕಿಹಾಕ್ಕೊಂಡೆ! ಮಧ್ಯಾಹ್ನದ ವೈನು ನಂದೇ ಹಾಗಾದ್ರೆ," ಎಂದು ಟಬ್ಬೆತ್ತಿಕೊಂಡು ಹೋದ. ಬಾಣಲೆಯನ್ನು ಅಲ್ಲೇ ಬಿಟ್ಟಿದ್ದ.

ಆ ಗಂಟೆ ಅಲೀದಾಳದು. ಹಿಂದೊಮ್ಮೆ ಇವರ ಕಾಫಿಯ ಕೂಟ ಆಸ್ಪತ್ರೆಯ ಸಾಲಿನಂತಾಗಿತ್ತು. ಒಬ್ಬರ ಮಂಡಿ ಮುಗಿಯುವಷ್ಟರಲ್ಲಿ ಇನ್ನೊಬ್ಬರ ಸಕ್ಕರೆ ಶುರು. ಅಲೀದಾ ಬೇಸತ್ತು, ಸಂತೆಯಿಂದ ಮೇಕೆಯ ಕೊರಳ ಗಂಟೆಯೊಂದನ್ನು ತಂದು, ಅವರ ಜಾಗದ ಬೋಳು ಹಿಪ್ಪುನೇರಳೆ ಮರಕ್ಕೆ ಕಟ್ಟಿದಳು. ಕಾಯಿಲೆಯ ಮಾತು ಎತ್ತಿದವರಿಗೆ ಗಂಟೆ. ಗಂಟೆ ಹೊಡೆಸಿಕೊಂಡವರು ಎಲ್ಲರಿಗೂ ವೈನು ಸುರಿಯಬೇಕು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಸಾಲುಗಳವರೂ ಗಂಟೆ ತಂದರು. ನಿಯಮ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಮೂಲೆಯ ಜಾಗದ ಯೋಸ್ಟ್ ಸತ್ತಾಗಲೂ ಯಾರೂ ಸತ್ತ ಎನ್ನಲಿಲ್ಲ. ಈ ವರ್ಷ ಬರಲಿಲ್ಲ ಎಂದರು.

ಅಲೀದಾ ಇಲ್ಲದ್ದರಿಂದ ಈ ಸಲ ಗಂಟೆ ರೂಲಾಫ್‌ನ ಪಾಲಿಗೆ ಬಂದಿತ್ತು. ಅದನ್ನು ಚೆನ್ನಾಗಿಯೇ ನಿಭಾಯಿಸುತ್ತಿದ್ದ.

ಮಧ್ಯಾಹ್ನ ಹನ್ನೆರಡು ಗಂಟೆಗೆ ಇಲ್ಲಿ ಹೊಸ ವರ್ಷ. ನಡುರಾತ್ರಿಯವರೆಗೆ ಕಣ್ಣು ಬಿಟ್ಟುಕೊಂಡಿರುವ ವಯಸ್ಸು ಯಾರದೂ ಅಲ್ಲದ್ದರಿಂದ ಕಚೇರಿಯ ಅಂಪಾರೊ ಪ್ರತಿ ವರ್ಷ ನಡುಹಗಲಿಗೇ ಧ್ವನಿವರ್ಧಕದಲ್ಲಿ ಗಡಿಯಾರದ ಹನ್ನೆರಡು ಬಡಿತ ಹಾಕುತ್ತಿದ್ದಳು. ಒಂದೊಂದು ಬಡಿತಕ್ಕೆ ಒಂದೊಂದು ದ್ರಾಕ್ಷಿ ಬಾಯಿಗೆ. ಅದು ಈ ದೇಶದವರ ಪದ್ಧತಿ. ಹೊತ್ತು ಮಾತ್ರ ಇವರದು.

ಎಲ್ಲರೂ ತಂತಮ್ಮ ಕುರ್ಚಿ ಹೊತ್ತು ಬಂದು ಮರದ ಸುತ್ತ ಕೂತರು. ಇಲ್ಲಿ ಯಾರ ಮನೆಗೆ ಹೋದರೂ ಕುರ್ಚಿ ತಮ್ಮದೇ ಒಯ್ಯಬೇಕು. ಟೀನೆಕೆ ತಲೆ ಎತ್ತದೆ, ಕುರ್ಚಿಗೊಂದರಂತೆ ದ್ರಾಕ್ಷಿಯ ಲೋಟ ಇಡುತ್ತ ಬಂದಳು. ರೂಲಾಫ್‌ನ ಪಕ್ಕದ ಖಾಲಿ ಕುರ್ಚಿಯ ಮೇಲೂ ಒಂದಿಟ್ಟಳು. ಇಟ್ಟ ಮೇಲೆ ಗೊತ್ತಾಯಿತು.

"ಅಯ್ಯೋ, ಇರ್ಲಿ ಬಿಡು. ಅವಳ ಪಾಲು."

"ಅವಳಿಗೇನಪ್ಪ, ಅಕ್ಕನ ಮನೇಲಿ ಆರಾಮಾಗಿದ್ದಾಳೆ," ಎಂದಳು ಗೊಡೆಲೀವ್. ಗಂಡ ತೀರಿಕೊಂಡ ಮೇಲೂ ತುಟಿಗೆ ಬಣ್ಣ ತಪ್ಪಿಸದ ಬೆಲ್ಜಿಯಮ್ಮಿನ ಹೆಂಗಸು. "ರೂಲಾಫ್, ನಿಜ ಹೇಳು. ಜಗಳ ಆಡ್ಕೊಂಡ್ರಾ?"

"ಇಲ್ಲ."

"ಮತ್ತೆ?"

ಎಲ್ಲರೂ ತಿರುಗಿ ನೋಡಿದರು. ಇಂಥ ಬಾಗಿಲು ಮತ್ತೆ ತೆರೆಯುವುದಿಲ್ಲವೆಂದು ಅವನಿಗನ್ನಿಸಿತು. ಮರದಿಂದ ಬಿಚ್ಚಿಕೊಂಡಿದ್ದ ಗಂಟೆ ಅವನ ತೊಡೆಯ ಮೇಲಿತ್ತು. ಹಾರ್ಮ್ ಎದುರಿಗೆ, ತುಂಬಿದ ವೈನಿನ ಲೋಟ ಮುಟ್ಟದೆ ಕೂತಿದ್ದ.

"ಅಲೀದಾ ಅಕ್ಕನ ಮನೇಲಿಲ್ಲ," ಎಂದ. ಹಿಡಿದುಕೊಳ್ಳಲು ಏನಾದರೂ ಬೇಕೆನಿಸಿ ಗಂಟೆಯನ್ನು ಎತ್ತಿಕೊಂಡ. "ಅವಳಿಗೆ ಈಗ ನಾನು ಯಾರು ಅಂತ ಗೊತ್ತಿಲ್ಲ."

ಕನ್ನಡಿಯ ಮುಂದೆ ಕೈ ಎಂದೂ ನಡುಗಿರಲಿಲ್ಲ. ಈಗ ನಡುಗಿತು. ಗಂಟೆ ಕಿಣಿಕಿಣಿ ಎಂದಿತು.

ಗೊಡೆಲೀವ್ ಕಿಸಕ್ಕೆಂದಳು. "ತನಗೆ ತಾನೇ ಹೊಡ್ಕೊಂಡ!" ಎಂದು ಯಾರೋ ಕೂಗಿದರು. ನಗೆ ಮರದ ಸುತ್ತ ಒಂದು ಸುತ್ತು ಬಂತು. ಎಲ್ಲರ ಮುಖದಲ್ಲೂ ಪಾರಾದೆವೆಂಬ ನಿರಾಳ ಕಾಣುತ್ತಿತ್ತು. ಟೀನೆಕೆ ಒಬ್ಬಳು ಏನೋ ಹೇಳಲು ಬಾಯಿ ತೆರೆದಳು. ರೂಲಾಫ್ ತಾನೂ ನಗುತ್ತಿದ್ದುದನ್ನು ನೋಡಿ ಮುಚ್ಚಿಕೊಂಡಳು. ಹೌದು, ಅವನೂ ನಗುತ್ತಿದ್ದ. ಅದಕ್ಕಾಗಿ ತನ್ನನ್ನು ಎಂದೂ ಕ್ಷಮಿಸಲಾರೆನೆಂದುಕೊಳ್ಳುತ್ತಲೇ ನಗುತ್ತಿದ್ದ.

"ವೈನು, ವೈನು! ಮೇಷ್ಟ್ರು ಸುರೀಬೇಕು!"

ಸುರಿದ. ಹಾರ್ಮ್‌ನ ವೈನಿನ ಲೋಟ ಆಗಲೇ ತುಂಬಿದ್ದರಿಂದ ಅವನನ್ನು ದಾಟಿ ಹೋದ. ಹಾರ್ಮ್ ನಕ್ಕಿರಲಿಲ್ಲ.

ಧ್ವನಿವರ್ಧಕ ಗರಗರ ಎಂದು ಬಡಿತ ಶುರುವಾಯಿತು. ಎಲ್ಲರೂ ಅವಸರವಸರವಾಗಿ ದ್ರಾಕ್ಷಿ ತುರುಕಿಕೊಂಡರು. ಕೆನ್ನೆಗಳು ಉಬ್ಬಿದವು, ಗಲ್ಲದ ಮೇಲೆ ರಸ ಇಳಿಯಿತು. ಬಡಿತ ನಿಂತ ಮೇಲೂ ಯಾರಿಗೂ ಮಾತಾಡಲಾಗಲಿಲ್ಲ. ತುಂಬಿದ ಬಾಯಲ್ಲೇ ಒಬ್ಬರ ಕೆನ್ನೆಗೊಬ್ಬರು ಮುತ್ತಿಟ್ಟರು. ಟೀನೆಕೆ ರೂಲಾಫ್‌ನ ತೋಳನ್ನು ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು ಹಿಡಿದು ಬಿಟ್ಟಳು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಕುರ್ಚಿ ಮಡಿಸಿಕೊಂಡು ಮಧ್ಯಾಹ್ನದ ನಿದ್ದೆಗೆ ಹೋದರು.

ಅಂಗಳದಲ್ಲಿ ಮೂರು ಕುರ್ಚಿ ಉಳಿದವು. ರೂಲಾಫ್‌ನದು, ಪಕ್ಕದ್ದು, ಹಾರ್ಮ್‌ನದು.

"ಎಲ್ಲಿದ್ದಾಳೆ?" ಹಾರ್ಮ್ ಕೇಳಿದ.

"ಡೆವೆಂಟರ್‌ನಲ್ಲೇ. ನೀನು ಡಾಕ್ಟರ್ ಹತ್ರ ಹೋಗ್ತೀಯಾ?"

"ನೋಡೋಣ."

"ಹೋಗು."

"ನೋಡೋಣ ಅಂದ್ನಲ್ಲ."

ಇಬ್ಬರೂ ಅಲೀದಾಳ ದ್ರಾಕ್ಷಿಯ ಲೋಟ ನೋಡುತ್ತ ಕೂತರು. ಒಂದು ಗುಬ್ಬಿ ಬಂದು ಅದರ ಅಂಚಿನ ಮೇಲೆ ಕೂತಿತು. ರೂಲಾಫ್ ಅದನ್ನು ಓಡಿಸಿ, ಲೋಟ ಎತ್ತಿಕೊಂಡು, ಒಂದು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡ. ಬಡಿತವಿರಲಿಲ್ಲ. ಹಾರ್ಮ್ ಎದ್ದುಬಂದು ಅವನ ಕುರ್ಚಿಯ ಬುಡದಲ್ಲಿದ್ದ ಗಂಟೆ ತೆಗೆದುಕೊಂಡ. ಗಡಿಯಾರದ ಬಡಿತದಂತೆ ಒಮ್ಮೆ ಹೊಡೆದ. ರೂಲಾಫ್ ಇನ್ನೊಂದು ಹಾಕಿಕೊಂಡ. ಹಾರ್ಮ್ ಮತ್ತೆ ಹೊಡೆದ.

"ಯಾರಪ್ಪಾ ಅದು?" ಹಿಂದಿನ ಸಾಲಿನಿಂದ ನಿದ್ದೆಗಣ್ಣಿನ ನಗುವಿನ ದನಿ ಬಂತು. "ಯಾರಿಗೆ ಏನಾಗಿದೆ ಅಲ್ಲಿ?"

ಹಾರ್ಮ್ ರೂಲಾಫ್‌ನನ್ನು ನೋಡಿದ. ರೂಲಾಫ್‌ನ ಬಾಯಿ ತುಂಬಿತ್ತು. ಲೋಟದಲ್ಲಿ ಇನ್ನೂ ದ್ರಾಕ್ಷಿಯಿತ್ತು. ಹಾರ್ಮ್ ಮತ್ತೆ ಗಂಟೆ ಹೊಡೆದ.