ನರ್ಸಮ್ಮನ ಬಾಗಿಲಿನ ಕೆಂಪು ಚೀಟಿ

ಎರಡು ದಿನದ ರಜೆಗೆ ಹೊರಡುತ್ತೇವೆ ಅಂದರೆ ಸಾಕು, ಎಷ್ಟೋ ಮನೆಗಳಲ್ಲಿ ಜಗಳಕ್ಕೆ ಬೇರೆ ಕಾರಣವೇ ಬೇಡ. ಮೂರನೇ ಮಹಡಿಯ ಟೈಲರಮ್ಮನ ಮನೆಯಲ್ಲೂ ಅದೇ ನಡೆದಿತ್ತು. ಪಟ್ಟಣದಿಂದ ನಾಲ್ಕು ಗಂಟೆ ದಾರಿ, ಬೆಟ್ಟದ ಮೇಲೆ ಮರದ ಹಲಗೆಯ ಒಂದು ಕ್ಯಾಬಿನ್, ಹೋಗುವವರು ಗಂಡ, ಹೆಂಡತಿ, ಎಂಟು ವರ್ಷದ ಮಗಳು ಪುಟ್ಟಿ. ಇಷ್ಟೇ ವಿಷಯ. ಆದರೆ ಗಂಡ ಸಾಮಾನು ಕಟ್ಟುವ ಚಂದ ನೋಡಿ ಟೈಲರಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು. ಕೇರಂ ಬೋರ್ಡು ಕಟ್ಟಿದ್ದಾಯಿತು. ಇಸ್ತ್ರಿ ಪೆಟ್ಟಿಗೆಯೂ ಬಂತು. ಕಾಡಿನಲ್ಲಿ ಯಾರಿಗೆ ತೋರಿಸೋಕೆ ಇಸ್ತ್ರಿ ಅಂಗಿ ಎಂದು ಟೈಲರಮ್ಮ ಕೇಳಿದಳು. ಟಾರ್ಚಿಗೆ ಸೆಲ್ ಮಾತ್ರ ಬಂದಿರಲಿಲ್ಲ. ಪುಟ್ಟಿಗೆ ಉಬ್ಬಸ, ಥಂಡಿ ಗಾಳಿ ತಾಗಿದರೆ ಎದೆ ಸುಯ್ಯೆನ್ನುತ್ತದೆ. ಅವಳು ಬಾಯಿಗಿಟ್ಟು ಎಳೆದುಕೊಳ್ಳುವ ಔಷಧದ ಪಂಪು ಮುಗಿಯುತ್ತಾ ಬಂದಿದೆ, ಹೊಸದೊಂದು ತನ್ನಿ ಎಂದು ಟೈಲರಮ್ಮ ಮೂರು ಸಲ ಹೇಳಿದ್ದಳು. ಗೋಡೆಗೆ ಹೇಳಿದ ಹಾಗಾಗಿತ್ತು.

ಗಂಡ ಲಿಫ್ಟ್ ಮೆಕ್ಯಾನಿಕ್. ನಾಲ್ಕು ವರ್ಷದಿಂದ ಈ ಬೆಟ್ಟಕ್ಕೆ ಹೋಗುವುದು, ಹೋಗುವುದು ಎಂದು ಹೇಳಿದ್ದೇ ಬಂತು. ಚೀಲ ಕಟ್ಟಿ ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಊರಿನ ಯಾವುದೋ ಮೂಲೆಯಲ್ಲಿ ಒಂದು ಲಿಫ್ಟು ನಿಂತುಬಿಡುತ್ತಿತ್ತು, ಆಫೀಸಿನಿಂದ ಫೋನ್ ಬರುತ್ತಿತ್ತು. ಹಾಗಾಗಿ ಈ ಸಲ ಅವನು ಒಂದು ಘನವಾದ ತೀರ್ಮಾನ ಮಾಡಿದ್ದ. ಎಲ್ಲಿಗೆ ಹೋಗುತ್ತೇವೆಂದು ಯಾರಿಗೂ ಹೇಳುವುದಿಲ್ಲ. ಆಫೀಸಿಗೆ ಹೊಟ್ಟೆನೋವು ಎಂದಿದ್ದ. ಒಡಹುಟ್ಟಿದ ತಮ್ಮನಿಗೂ ಹೇಳಿರಲಿಲ್ಲ, ತಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲವಂತೆ. ಎರಡು ದಿನ ಫೋನ್ ಬಂದ್. ಟೈಲರಮ್ಮ ಎಷ್ಟು ಬಾಯಿ ಬಡಿದುಕೊಂಡರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಕೆಳಮನೆಯ ನರ್ಸಮ್ಮ ಬಂದರು. ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ, ಮಾತು ಕಡಿಮೆ, ನೋಟ ಜಾಸ್ತಿ. ಸೊಂಟ ಸಡಿಲ ಮಾಡಲು ಕೊಟ್ಟಿದ್ದ ಯೂನಿಫಾರ್ಮ್ ಒಯ್ಯಲು ಬಂದವರು ಕೇರಂ ಬೋರ್ಡು ನೋಡಿ, ಎಲ್ಲಿಗೆ ಸವಾರಿ ಎಂದು ಕೇಳಿದರು. ಗಂಡ ಹಲ್ಲು ಕಿರಿದ. ಟೈಲರಮ್ಮ ಎಲ್ಲವನ್ನೂ ಒದರಿಬಿಟ್ಟಳು.

ನರ್ಸಮ್ಮ ನಗಲಿಲ್ಲ. ಹೋದ ಮಳೆಗಾಲದಲ್ಲಿ ತಮ್ಮ ವಿಭಾಗಕ್ಕೆ ಬಂದ ಗಂಡಹೆಂಡಿರ ವಿಷಯ ಹೇಳಿದರು. ಅವರ ಕಾರು ಬೆಟ್ಟದ ತಿರುವಿನಲ್ಲಿ ಜಾರಿ ಪೊದೆಗೆ ಬಿದ್ದಿತ್ತು. ಗಂಡನ ಮನೆಯವರು ಹೆಂಡತಿಯ ತವರಿನಲ್ಲಿರಬೇಕು ಅಂದುಕೊಂಡರು, ತವರಿನವರು ಗಂಡನ ಮನೆಯಲ್ಲಿರಬೇಕು ಅಂದುಕೊಂಡರು. ಹುಡುಕಲು ಹೊರಟದ್ದೇ ಮೂರನೇ ದಿನ. ಹೆಂಡತಿಯನ್ನು ಉಳಿಸಿಕೊಂಡೆವು ಎಂದಷ್ಟೇ ಹೇಳಿದರು.

ಗಂಡ ಆಗಲೂ ಬಿಡಲಿಲ್ಲ. "ಹೇಳಿ ಹೋದ್ರೆ ಮೇಲಿಂದ ಬಂಡೆ ಬೀಳೋದು ನಿಲ್ಲುತ್ತಾ ನರ್ಸಮ್ಮ?"

"ನಿಲ್ಲಲ್ಲ. ಆದ್ರೆ ಹುಡುಕೋರಿಗೆ ಎಲ್ಲಿ ಹುಡುಕ್ಬೇಕು ಅಂತ ಗೊತ್ತಿರುತ್ತೆ."

ಗಂಡ ಭುಜ ಕುಣಿಸಿ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತತೊಡಗಿದ. ಟೈಲರಮ್ಮನಿಗೆ ರೇಗಿಹೋಯಿತು. ತಿಂಡಿ ತುಂಬಲು ಚೀಲ ಬೇಕಿತ್ತು. ಅವನ ಕೆಲಸದ ಚೀಲವನ್ನೇ ಎತ್ತಿ ನೆಲಕ್ಕೆ ಸುರಿದಳು. ಸ್ಪ್ಯಾನರುಗಳು, ಗ್ರೀಸಿನ ಡಬ್ಬಿ, ಚಿಂದಿ ಬಟ್ಟೆ. ಜೊತೆಗೆ ದಾರ ಕಟ್ಟಿದ ಕೆಂಪು ರಟ್ಟಿನ ಚೀಟಿಗಳ ಒಂದು ಕಟ್ಟು. ಅವಳು ಒಂದನ್ನು ಎಳೆದು ಓದಿದಳು. ಒಳಗಿರುವವರ ಹೆಸರು. ಎಲ್ಲಿ. ಒಳಹೋದ ಹೊತ್ತು. ಯಾರಿಗೆ ತಿಳಿಸಬೇಕು. ಹೊರಬಂದ ಹೊತ್ತು.

"ಇದು ಏನಕ್ಕೆ ರೀ?"

ಗಂಡ ಉತ್ಸಾಹದಿಂದ ವಿವರಿಸಿದ. ಲಿಫ್ಟು ಏರಿಳಿಯುವ ಬಾವಿಗೆ ಇಳಿಯುವ ಮುಂಚೆ ಕರೆಂಟು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ ಇದನ್ನು ನೇತುಹಾಕಬೇಕು. ಒಳಗೆ ಒಬ್ಬ ಇದ್ದಾನೆ ಎಂದು ಹೊರಗಿನವರಿಗೆ ಗೊತ್ತಾಗಬೇಕಲ್ಲ. ಹೊತ್ತು ಮೀರಿದರೆ ಬಂದು ನೋಡಬೇಕಲ್ಲ. "ಹಾಕಿದವನೇ ತೆಗೀಬೇಕು. ಅವನು ಹೊರಗೆ ಬರೋವರೆಗೂ ಇನ್ಯಾರೂ ಮುಟ್ಟೋ ಹಾಗಿಲ್ಲ."

"ಎಷ್ಟು ಹೊತ್ತಿನ ಕೆಲಸಕ್ಕೆ?"

"ಇಪ್ಪತ್ತು ನಿಮಿಷ ಆದ್ರೂ ಸರಿ."

"ಇಪ್ಪತ್ತು ನಿಮಿಷ ನೀವೊಬ್ರೇ ಇಳಿಯೋಕೆ ಚೀಟಿ ಬೇಕು. ಎರಡು ದಿನ ನನ್ನ ಮಗೂನ ಕರ್ಕೊಂಡು ಹೋಗೋಕೆ ಬೇಡ್ವಾ?"

ಗಂಡ ವೈರನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಆಮೇಲೆ ಪೆನ್ನು ಎಲ್ಲಿ ಎಂದು ಕೇಳಿದ.

ಬರೆಯಲು ಕೂತಾಗಲೇ ಯಾವುದೂ ಅವನಿಗೆ ಸರಿಯಾಗಿ ಗೊತ್ತಿಲ್ಲ ಎಂಬುದು ಬಯಲಾಯಿತು. ಕ್ಯಾಬಿನ್ ನೋಡಿಕೊಳ್ಳುವವರ ನಂಬರು ಹುಡುಕಬೇಕಾಯಿತು. ದಾರಿ ಯಾವುದು ಎಂದರೆ, ಹೋಗುವಾಗ ಹೊಸ ರಸ್ತೆ, ಬರುವಾಗ ಬೆಟ್ಟದ ಹಿಂದಿನ ಹಳೆಯ ರಸ್ತೆ, ನೋಟ ಚೆನ್ನಾಗಿರುತ್ತದಂತೆ. ಅದನ್ನೂ ಬರೆಯಿರಿ ಎಂದರು ನರ್ಸಮ್ಮ. ಕಾರಿನ ನಂಬರು, ಬಣ್ಣ. ಭಾನುವಾರ ನಾಲ್ಕಕ್ಕೆ ಮನೆಗೆ, ಐದಾದರೂ ಸುದ್ದಿಯಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು. ಕೊನೆಗೆ ಟೈಲರಮ್ಮ ಪೆನ್ನು ಕಿತ್ತುಕೊಂಡು ತಾನೇ ಬರೆದಳು: ಮೂವರು, ಮಗುವಿಗೆ ಉಬ್ಬಸ. ಗಂಡ ಚೀಟಿಯನ್ನು ತನ್ನ ಕೈಯಾರೆ ನರ್ಸಮ್ಮನ ಮನೆಯ ಒಳಬಾಗಿಲಿಗೆ ನೇತುಹಾಕಿ ಬಂದ.

ಬೆಟ್ಟದ ಮೇಲೆ ಎರಡು ದಿನ ಚೆನ್ನಾಗಿಯೇ ಕಳೆಯಿತು. ಇಸ್ತ್ರಿ ಪೆಟ್ಟಿಗೆಗೆ ಅಲ್ಲಿ ಕರೆಂಟೇ ಇರಲಿಲ್ಲ, ಅದನ್ನು ಟೈಲರಮ್ಮ ನಾಲ್ಕು ಸಲ ನೆನಪಿಸಿದಳು. ಭಾನುವಾರ ಹಳೆಯ ರಸ್ತೆಯಲ್ಲಿ ಇಳಿಯುತ್ತಿದ್ದಾಗ ಒಂದು ತಿರುವಿನಾಚೆ ಗುಡ್ಡ ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು. ಹಿಂದಕ್ಕೆ ತೆಗೆಯಲು ಹೋಗಿ ಕಾರಿನ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಫೋನಿಗೆ ಸಿಗ್ನಲ್ ಇಲ್ಲ. ಆಗ ಮಧ್ಯಾಹ್ನ ಹನ್ನೆರಡೂವರೆ. ಮೂರರ ಹೊತ್ತಿಗೆ ಮಂಜು ಇಳಿಯಿತು, ಪುಟ್ಟಿಯ ಎದೆ ಸುಯ್ಯೆನ್ನತೊಡಗಿತು. ನಾಲ್ಕೂವರೆಗೆ ಪಂಪು ಖಾಲಿ. ನಡೆದು ಹೋಗೋಣವೆಂದರೆ ಮಗುವಿಗೆ ಹತ್ತು ಹೆಜ್ಜೆ ಇಡಲಾಗುತ್ತಿರಲಿಲ್ಲ.

ಟೈಲರಮ್ಮ ಮಗಳನ್ನು ನೆಟ್ಟಗೆ ಕೂರಿಸಿ ಎದೆಗೊರಗಿಸಿಕೊಂಡಳು. ಗಂಡ ಗಡಿಯಾರ ನೋಡುತ್ತಾ, "ಐದಾಯ್ತು ಕಣೇ, ಚೀಟಿ ನೋಡಿರ್ತಾರೆ" ಎಂದ. ಐದೂಕಾಲಕ್ಕೂ ಅದನ್ನೇ ಹೇಳಿದ.

ಕತ್ತಲಾಗುವ ಮುಂಚೆ ಕೆಳಗಿನಿಂದ ರಕ್ಷಣಾ ದಳದ ಜೀಪಿನ ಸದ್ದು ಕೇಳಿಸಿತು. ಕುಸಿದ ಮಣ್ಣಿನ ಆಚೆ ನಿಲ್ಲಿಸಿ ಇಬ್ಬರು ಮಣ್ಣು ಹತ್ತಿ ಬಂದರು. ಅವರಲ್ಲೊಬ್ಬರ ಕೈಯಲ್ಲಿ ಬೆಟ್ಟದ ಬುಡದ ಆರೋಗ್ಯ ಕೇಂದ್ರದಿಂದ ತಂದ ಔಷಧದ ಪಂಪಿತ್ತು.

"ಉಬ್ಬಸದ ಮಗು ಯಾವುದು?" ಎನ್ನುತ್ತಲೇ ಅವರು ಬಂದದ್ದು. ನರ್ಸಮ್ಮ ಐದಕ್ಕೇ ಫೋನಿನಲ್ಲಿ ಚೀಟಿ ಓದಿ ಹೇಳಿದ್ದರಂತೆ. ಬರೀ ಹುಡುಕಿ ಎಂದಷ್ಟೇ ಹೇಳಿದ್ದರೆ ಮೊದಲು ಹೊಸ ರಸ್ತೆಗೇ ಹೋಗುತ್ತಿದ್ದೆವು, ಅಲ್ಲೇ ಬೆಳಗಾಗುತ್ತಿತ್ತು ಎಂದು ಆಮೇಲೆ ಹೇಳಿದರು.

ಆರೋಗ್ಯ ಕೇಂದ್ರದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಅವರು ಮನೆಗೆ ಬಂದಾಗ ಚೀಟಿ ಇನ್ನೂ ನರ್ಸಮ್ಮನ ಬಾಗಿಲಿನಲ್ಲಿ ತೂಗುತ್ತಿತ್ತು. ತೆಗೆಯಬಾರದಿತ್ತೇ ಎಂದು ಟೈಲರಮ್ಮ ಕೇಳಿದಳು. "ಹಾಕಿದವರೇ ತೆಗೀಬೇಕಂತೆ," ಎಂದು ನರ್ಸಮ್ಮ ಗಂಡನ ಕಡೆ ನೋಡಿದರು. ಅವನು ದಾರ ಬಿಚ್ಚಿದ. ಬಾಗಿಲಿಗೇ ಆನಿಸಿಕೊಂಡು, ಹೊರಬಂದ ಹೊತ್ತು ಎಂದಿದ್ದ ಕಡೆ ಬರೆಯಲು ಹೊರಟ. ಸೋಮವಾರ ಬೆಳಿಗ್ಗೆ, ಮೂವರೂ, ಎಂದು ನಿಧಾನವಾಗಿ ಬರೆದ.

ನೀವೂ ರಜೆಗೆ ಚೀಲ ಕಟ್ಟುತ್ತಿದ್ದೀರಾ? ಕಟ್ಟಿ, ಸಂತೋಷ. ಇಸ್ತ್ರಿ ಪೆಟ್ಟಿಗೆ ಬೇಕಿದ್ದರೆ ಒಯ್ಯಿರಿ, ನಾವು ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮುಂಚೆ ಒಂದು ಚೀಟಿ ಬರೆಯಿರಿ. ಎಲ್ಲಿಗೆ, ಯಾವ ದಾರಿ, ಯಾರು ಯಾರು, ಯಾರಿಗೆ ಯಾವ ಔಷಧ, ಎಷ್ಟು ಹೊತ್ತಿಗೆ ವಾಪಸ್ಸು, ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು. ದಾರಿ ಬದಲಾದರೆ ಸಿಗ್ನಲ್ ಇರುವಾಗಲೇ ತಿಳಿಸಿ. ಔಷಧ ಬೇಕಾದದ್ದಕ್ಕಿಂತ ಒಂದು ಜಾಸ್ತಿಯೇ ಇರಲಿ. ಚೀಟಿಯನ್ನು ಮನೆಯಲ್ಲೇ ಉಳಿಯುವ, ಗಡಿಯಾರ ನೋಡುವ ಒಬ್ಬರ ಕೈಗೆ ಕೊಡಿ. ಬಂದ ತಕ್ಷಣ ಹೋಗಿ ನಿಮ್ಮ ಕೈಯಾರೆ ಅದನ್ನು ತೆಗೆಯಿರಿ. ಅವರು ಕಾಯುತ್ತಿರುತ್ತಾರೆ.